ತೊಗಲಿನ ಹತ್ಯಾರಗಳಿಗೆ ಎರಡಾಗುವ ಪೆಟ್ಟಿಗೆ

ಅಥಣಿ, ನಿಪ್ಪಾಣಿ, ರಾಯಬಾಗ ಕಡೆಯ ಮನೆಗಳಲ್ಲಿ ಚಪ್ಪಲಿ ಕೆಲಸ ಒಬ್ಬರ ಕೈಯಲ್ಲೇ ಮುಗಿಯುವುದಿಲ್ಲ. ಅಟ್ಟೆ ಕತ್ತರಿಸುವುದು, ಬಡಿದು ಕೂಡಿಸುವುದು ಒಂದು ಕಡೆ ನಡೆದರೆ, ಹೊಲಿಗೆ, ಹೆಣಿಗೆ ಇನ್ನೊಂದು ಕಡೆ, ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ. ಹತ್ಯಾರದ ಪೆಟ್ಟಿಗೆ ಮಾತ್ರ ಒಂದೇ. ಆರಿ (ತೊಗಲಿಗೆ ತೂತು ಚುಚ್ಚುವ ಚೂಪು ಹತ್ಯಾರ) ಬೇಕಾದವರು ಒಳಮನೆಯಿಂದ ಎದ್ದು ಬರಬೇಕು, ಇಲ್ಲವೆ ಹತ್ಯಾರಗಳು ಚೀಲದೊಳಗೆ ಒಂದರ ಮೇಲೊಂದು ಬಿದ್ದು ರಂಪಿಗೆಯ (ತೊಗಲು ಕತ್ತರಿಸುವ ಅಲಗು) ಬಾಯಿ ಸುತ್ತಿಗೆಗೆ ಬಡಿಯಬೇಕು. ಆದ್ದರಿಂದ ಇಲ್ಲಿ ಹೇಳುವ ಪೆಟ್ಟಿಗೆ ಎರಡಾಗುತ್ತದೆ. ಮೇಲಿನ ಟ್ರೇ ಎತ್ತಿಕೊಂಡರೆ ಹೊಲಿಗೆಯ ಸಾಮಾನೆಲ್ಲ ಅದರ ಜೊತೆ ಹೋಗುತ್ತದೆ. ಕತ್ತರಿಸುವ, ಬಡಿಯುವ ಹತ್ಯಾರಗಳು ಕೆಳಗೂ ಮುಚ್ಚಳದಲ್ಲೂ ಉಳಿಯುತ್ತವೆ. ನೆಲದ ಮೇಲೆ ಕೂತು ಕೆಲಸ ಮಾಡುವವರಿಗೆ ಕೈ ಎಟಕುವಂತೆ ಎತ್ತರವನ್ನೂ ಕಡಿಮೆ ಇಟ್ಟಿದೆ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಿ) ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿವೆ. ಈ ಚಪ್ಪಲಿಯ ಹಳೆಯ ಪದ್ಧತಿಯಲ್ಲಿ ಮೊಳೆಯಿಲ್ಲ, ತೊಗಲಿನ ಎಳೆಯಿಂದಲೇ ಹೊಲಿಗೆ. ಹೀಗಾಗಿ ಇಲ್ಲಿನ ಹತ್ಯಾರಗಳಲ್ಲಿ ಆರಿ, ತೂತು ಹೊಡೆಯುವ ಪಂಚು, ಹೂವಿನ ಅಚ್ಚುಗಳೇ ಹೆಚ್ಚು. ಸಣ್ಣವು, ಚೂಪಾದವು, ಕಳೆದುಹೋಗುವಂಥವು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಟೂಲ್ ಬಾಕ್ಸ್ ಪಾನೆ, ಇಕ್ಕಳದ ಲೆಕ್ಕದಲ್ಲಿ ಮಾಡಿದ್ದು. ಅದರ ಆಳವಾದ ಗುಂಡಿಯಲ್ಲಿ ಇಂಥ ಹತ್ಯಾರ ಉಳಿಯುವುದಿಲ್ಲ.

ಮೊದಲು ಅಳತೆ

ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಇರುವ ಹತ್ಯಾರಗಳನ್ನೆಲ್ಲ ಅದರ ಮೇಲೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಮೂರು ಅಳತೆ ಮುಖ್ಯ: ಎಲ್ಲಕ್ಕಿಂತ ಉದ್ದನೆಯದು, ಎಲ್ಲಕ್ಕಿಂತ ದಪ್ಪನೆಯದು, ರಂಪಿಗೆಯ ಹಿಡಿಕೆಯ ದಪ್ಪ. ಉದ್ದನೆಯದು ಸಾಮಾನ್ಯವಾಗಿ ಉಕ್ಕಿನ ಸ್ಕೇಲು. 30 ಸೆಂ.ಮೀ. ಎಂದು ಬರೆದಿದ್ದರೂ ಎರಡು ತುದಿಯ ಖಾಲಿ ಜಾಗ ಸೇರಿ ಅದು ಒಂದೂವರೆ ಸೆಂ.ಮೀ.ವರೆಗೆ ಹೆಚ್ಚಿರುತ್ತದೆ. ಒಳ ಅಳತೆ ಸರಿಯಾಗಿ 30 ಇಟ್ಟು ಮಾಡಿದ ಪೆಟ್ಟಿಗೆಯಲ್ಲಿ ಅದು ಹಿಡಿಸುವುದೇ ಇಲ್ಲ. ದಪ್ಪನೆಯದು ಕೊಡತಿಯ (ಮರದ ಸುತ್ತಿಗೆ) ತಲೆ. ಈ ಪೆಟ್ಟಿಗೆಯಲ್ಲಿ ಅದಕ್ಕೆ 76 ಮಿ.ಮೀ. ಎತ್ತರವಿದೆ. ನಿಮ್ಮ ಕೊಡತಿ ಅದಕ್ಕಿಂತ ದಪ್ಪವಿದ್ದರೆ ಪೆಟ್ಟಿಗೆಯ ಎತ್ತರವನ್ನು ಅಷ್ಟು ಹೆಚ್ಚಿಸಿಕೊಳ್ಳಿ. ಕಬ್ಬಿಣದ ಅಡಿ, ಬಡಿಯುವ ಕಲ್ಲು, ಮರದ ಫರ್ಮಾಗಳು (ಪಾದದ ಅಚ್ಚು) ಪೆಟ್ಟಿಗೆಗೆ ಸೇರಬಾರದು. ಅವುಗಳ ಭಾರಕ್ಕೆ ಯಾವ ತಳವೂ ಬಹಳ ದಿನ ಬಾಳುವುದಿಲ್ಲ.

ಸಾಮಗ್ರಿ

ಗೋಡೆಗೆ 12 ಮಿ.ಮೀ. ಪ್ಲೈವುಡ್, ತಳಕ್ಕೆ 9 ಮಿ.ಮೀ., ಮುಚ್ಚಳ ಮತ್ತು ಟ್ರೇಗೆ 6 ಮಿ.ಮೀ., ರಂಪಿಗೆಯ ಗೂಡಿಗೆ 4 ಮಿ.ಮೀ.ಯ ಸಣ್ಣ ಚೂರುಗಳು. ಇಡೀ ಹಾಳೆ ಕೊಳ್ಳುವ ಅಗತ್ಯವಿಲ್ಲ. ಫರ್ನಿಚರ್ ಮಾಡುವವರ ಬಳಿ ಉಳಿದ ತುಂಡು ಕೇಳಿ. 12 ಮಿ.ಮೀ.ದು 65 × 42 ಸೆಂ.ಮೀ. ಸಿಕ್ಕರೆ ನಾಲ್ಕೂ ಗೋಡೆ ಅದರಲ್ಲೇ ಬರುತ್ತವೆ. ಹಾಳೆಯ ಮೇಲಿನ ಮುದ್ರೆ ನೋಡಿ: ಐಎಸ್ 710 ಎಂದಿದ್ದರೆ ಮರೈನ್ ಪ್ಲೈ, ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು. ಸಾಮಾನ್ಯದಲ್ಲೂ ಎಂಆರ್‌ಗಿಂತ ಬಿಡಬ್ಲ್ಯೂಆರ್ ದರ್ಜೆ ನೀರು ತಡೆಯುತ್ತದೆ (ಎಂಆರ್ ಎಂದರೆ ತೇವ ತಡೆಯುವುದು, ಬಿಡಬ್ಲ್ಯೂಆರ್ ಎಂದರೆ ಕುದಿವ ನೀರನ್ನೂ ತಡೆಯುವುದು). ಬೆಳಗಾವಿ, ಖಾನಾಪುರದ ಮಳೆಗಾಲಕ್ಕೆ ಬಿಡಬ್ಲ್ಯೂಆರ್ ಬೇಕೇ ಬೇಕು. ವಿಜಯಪುರದ ಒಣ ಹವೆಯಲ್ಲಿ ಎಂಆರ್ ಕೂಡ ನಡೆಯುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎಲ್ಲೂ ಬೇಡ. ತೇವ ಕುಡಿದು ಉಬ್ಬುತ್ತದೆ, ಅಂಚಿಗೆ ಸ್ಕ್ರೂ ಹಿಡಿಯುವುದಿಲ್ಲ.

ಇಡಿ ಮರದಲ್ಲೇ ಮಾಡಬೇಕೆಂಬ ಆಸೆ ಬರುವುದು ಸಹಜ. ಆದರೆ ಆಷಾಢದಲ್ಲಿ ಕೊಂಡ ಹಲಗೆ ಚೈತ್ರದ ಹೊತ್ತಿಗೆ ಕುಗ್ಗಿ ಬಿರುಕು ಬಿಡುತ್ತದೆ, ಮುಚ್ಚಳ ತಿರುಚಿಕೊಳ್ಳುತ್ತದೆ. ಪ್ಲೈನಲ್ಲಿ ಆ ಕಾಟ ಕಡಿಮೆ. ಇಡಿ ಮರ ಬೇಕಾಗುವುದು ಪಂಚುಗಳನ್ನು ನಿಲ್ಲಿಸುವ ಕಟ್ಟೆಗೆ ಮಾತ್ರ. ಅದಕ್ಕೆ ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗವಾನಿ ಅಥವಾ ಚೆನ್ನಾಗಿ ಒಣಗಿದ ಬೇವಿನ ತುಂಡು ಸಾಕು.

ಉಳಿದದ್ದು ಇಷ್ಟು: ಮರಕ್ಕೆ ಹಾಕುವ ಬಿಳಿ ಅಂಟು (ಫೆವಿಕಾಲ್ ಎಸ್‌ಎಚ್ ಅಥವಾ ಅಂಥದ್ದು) 250 ಗ್ರಾಂ, ಒಂದೂವರೆ ಇಂಚಿನ ತೆಳು ಮೊಳೆ, ಒಂದು ಇಂಚಿನ ಸ್ಕ್ರೂ ಹದಿನಾಲ್ಕು, 2 ಇಂಚಿನ ಹಿತ್ತಾಳೆ ಬಿಜಾಗರಿ ಎರಡು, ಟ್ರಂಕಿಗೆ ಹಾಕುವಂಥ ಕೊಂಡಿ ಎರಡು, 3 ಮಿ.ಮೀ. ದಪ್ಪದ ನಟ್ಟು-ಬೋಲ್ಟು, 15 × 15 ಮಿ.ಮೀ. ರೀಪು (ಮರದ ಸಣ್ಣ ಪಟ್ಟಿ) ಅರ್ಧ ಮೀಟರ್, 20 × 20ರದು ಇನ್ನರ್ಧ ಮೀಟರ್.

ಕತ್ತರಿಸುವ ಪಟ್ಟಿ (ಮಿ.ಮೀ.ಯಲ್ಲಿ)

ಉದ್ದ ಗೋಡೆ, 12 ಮಿ.ಮೀ. ಪ್ಲೈ: 400 × 200, ಎರಡು
ಅಡ್ಡ ಗೋಡೆ, 12 ಮಿ.ಮೀ.: 226 × 200, ಎರಡು
ತಳ, 9 ಮಿ.ಮೀ.: 400 × 250
ಮುಚ್ಚಳದ ಮೇಲ್ಭಾಗ, 6 ಮಿ.ಮೀ.: 400 × 250
ಟ್ರೇ ತಳ, 6 ಮಿ.ಮೀ.: 370 × 220
ಟ್ರೇ ಉದ್ದ ಗೋಡೆ, 6 ಮಿ.ಮೀ.: 370 × 64, ಎರಡು
ಟ್ರೇ ಅಡ್ಡ ಗೋಡೆ, 6 ಮಿ.ಮೀ.: 208 × 64, ಎರಡು
ಟ್ರೇ ಹೊರುವ ರೀಪು, 15 × 15: 226 ಉದ್ದ, ಎರಡು
ಪಾದ, 20 × 20: 250 ಉದ್ದ, ಎರಡು

ಅಡ್ಡ ಗೋಡೆಗಳು ಉದ್ದ ಗೋಡೆಗಳ ನಡುವೆ ಕೂಡುತ್ತವೆ. ಒಳಗೆ ಸಿಗುವ ಜಾಗ 376 × 226. ಪ್ಲೈ ಕತ್ತರಿಸುವಾಗ ಗೆರೆಯ ಮೇಲೆ ಮೊದಲು ಕಟರ್‌ನಿಂದ ಒಮ್ಮೆ ಗಾಯ ಮಾಡಿಕೊಂಡು ಗರಗಸ ಹಾಕಿ. ಹಾಗೆ ಮಾಡದಿದ್ದರೆ ಮೇಲಿನ ತೆಳು ಪದರ ಸೀಳಿ ಏಳುತ್ತದೆ.

ಮುಚ್ಚಿದ ಡಬ್ಬಿ ಕಟ್ಟಿ, ಆಮೇಲೆ ಮುಚ್ಚಳ ಕೊಯ್ಯುವುದು

ಮುಚ್ಚಳ ಬೇರೆ, ಪೆಟ್ಟಿಗೆ ಬೇರೆ ಮಾಡಿ ಕೂಡಿಸಲು ಹೋದರೆ ಎಲ್ಲೋ ಒಂದೆರಡು ಮಿ.ಮೀ. ತಪ್ಪಿಯೇ ತಪ್ಪುತ್ತದೆ. ಆರು ಕಡೆಯೂ ಮುಚ್ಚಿದ ಡಬ್ಬಿಯಾಗಿ ಅಂಟಿಸಿ, ಒಣಗಿದ ಮೇಲೆ ಸುತ್ತಲೂ ಕೊಯ್ದರೆ ಎರಡೂ ತಾವಾಗಿ ಹೊಂದುತ್ತವೆ.

ನಾಲ್ಕೂ ಗೋಡೆಗಳ ಹೊರಮುಖಕ್ಕೆ ಮೇಲಂಚಿನಿಂದ 50 ಮಿ.ಮೀ. ಕೆಳಗೆ ಗೆರೆ ಎಳೆಯುವುದು ಎಲ್ಲಕ್ಕಿಂತ ಮೊದಲ ಕೆಲಸ. ಮುಚ್ಚಳ ಕೊಯ್ಯುವ ಗೆರೆ ಅದೇ. ಅದರ ಆಚೀಚೆ 15 ಮಿ.ಮೀ. ಒಳಗೆ ಒಂದು ಮೊಳೆಯೂ ಇರಬಾರದು, ಇದ್ದರೆ ಗರಗಸದ ಹಲ್ಲು ಹೋದಂತೆಯೇ. ನಂತರ ಅಡ್ಡ ಗೋಡೆಗಳ ಒಳಮುಖಕ್ಕೆ ರೀಪು ಅಂಟಿಸಿ, ಅದರ ಮೇಲಂಚು ಗೋಡೆಯ ಕೆಳಂಚಿನಿಂದ ಸರಿಯಾಗಿ 76 ಮಿ.ಮೀ. ಮೇಲೆ ಬರುವಂತೆ. ಡಬ್ಬಿ ಮುಚ್ಚಿದ ಮೇಲೆ ಒಳಗೆ ಕೈ ಹೋಗದು, ಹಾಗಾಗಿ ಇದನ್ನು ಈಗಲೇ ಮುಗಿಸಬೇಕು.

ಪ್ಲೈ ಅಂಚು ಅಂಟು ಕುಡಿಯುತ್ತದೆ. ಒಂದು ಪದರ ಹಚ್ಚಿ ಹತ್ತು ನಿಮಿಷ ಬಿಟ್ಟು, ಅದರ ಮೇಲೆ ಇನ್ನೊಂದು ಪದರ ಹಚ್ಚಿ ಕೂಡಿಸಿ. ಒಂದೇ ಪದರ ಹಚ್ಚಿದ ಮೂಲೆ ಮೊದಲ ಸಲ ಕೈಜಾರಿ ಬಿದ್ದಾಗಲೇ ಬಿಡುತ್ತದೆ. ಮೊಳೆಗಳನ್ನು ನೆಟ್ಟಗೆ ಹೊಡೆಯದೆ, ಒಂದು ಎಡಕ್ಕೆ ಒಂದು ಬಲಕ್ಕೆ ಸ್ವಲ್ಪ ಓರೆ ಮಾಡಿ 40 ಮಿ.ಮೀ. ಅಂತರದಲ್ಲಿ ಹೊಡೆಯಿರಿ. ಓರೆ ಮೊಳೆ ಸುಲಭಕ್ಕೆ ಕಿತ್ತುಬರುವುದಿಲ್ಲ. ಕ್ಲಾಂಪ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ನಾಲ್ಕು ಸುತ್ತು ಬಿಗಿಯಿರಿ. ಕ್ಲಾಂಪಿಗೆ ಸಮನಾದ ಬಿಗಿ ಬರುತ್ತದೆ, ಅಂಚೂ ಜಜ್ಜುವುದಿಲ್ಲ.

ಅಂಟು ಹಸಿ ಇರುವಾಗಲೇ ಎರಡೂ ಕರ್ಣ ಅಳೆಯಿರಿ. ಮೂಲೆಯಿಂದ ಎದುರು ಮೂಲೆಗೆ ಹೊರ ಅಳತೆ 472 ಮಿ.ಮೀ. ಆಸುಪಾಸು ಬರಬೇಕು. ಆ ಸಂಖ್ಯೆಗಿಂತ ಎರಡೂ ಕರ್ಣ ಸಮ ಇರುವುದು ಮುಖ್ಯ. ಹೆಚ್ಚಿರುವ ಕರ್ಣದ ಮೂಲೆಗಳನ್ನು ಅಂಗೈಯಿಂದ ಒತ್ತಿದರೆ ಸರಿಹೋಗುತ್ತದೆ. ಈಗ ತಳಕ್ಕೂ ಮೇಲ್ಭಾಗಕ್ಕೂ ಅಂಟು ಹಚ್ಚಿ ಕೂಡಿಸಿ. ತಳಕ್ಕೆ ಮೊಳೆ ಸಾಲದು, ಇಡೀ ಭಾರ ಅದನ್ನು ಕೆಳಕ್ಕೆ ಜಗ್ಗುತ್ತದೆ. 2 ಮಿ.ಮೀ. ತೂತು ಮೊದಲು ಕೊರೆದು, ಕೆಳಗಿನಿಂದ ಸ್ಕ್ರೂ ಹಾಕಿ. ತೂತಿಲ್ಲದೆ ತಿರುಗಿಸಿದರೆ ಪ್ಲೈ ಪದರ ಬಿಚ್ಚಿಕೊಂಡು ಹೊರಗೆ ಉಬ್ಬುತ್ತದೆ. ಎರಡು ಪಾದಗಳನ್ನು ತಳದ ಅಡಿಗೆ ಅಡ್ಡಲಾಗಿ, ಅಂಚಿನಿಂದ 40 ಮಿ.ಮೀ. ಬಿಟ್ಟು, ಅಂಟು ಮತ್ತು ಸ್ಕ್ರೂನಿಂದ ಕೂಡಿಸಿ. ಫರಸಿ ಕಲ್ಲಿನ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಮಣ್ಣಿನ ನೆಲದಲ್ಲಿ ಗೆದ್ದಲು. ಎರಡಕ್ಕೂ ಈ 20 ಮಿ.ಮೀ. ಸಂದು ಬೇಕು.

ಒಂದು ಇಡೀ ದಿನ ಬಿಟ್ಟು ಗೆರೆಯ ಮೇಲೆ ಕೊಯ್ಯಿರಿ. ಕೊಯ್ಯುವ ಮೊದಲು ಹಿಂಭಾಗಕ್ಕೆ ಗುರುತು ಹಾಕಿಕೊಳ್ಳಿ, ಬೇರೆಯಾದ ಮೇಲೆ ಯಾವುದು ಹಿಂದು ಯಾವುದು ಮುಂದು ತಿಳಿಯದು. ಉದ್ದದ ಎರಡು ಮುಖ ಮೊದಲು, ಅಡ್ಡದ್ದು ಆಮೇಲೆ. ಕೊಯ್ದ ಸೀಳಿಗೆ ಅದೇ ದಪ್ಪದ ರಟ್ಟಿನ ಚೂರು ಸಿಕ್ಕಿಸುತ್ತ ಹೋಗಿ, ಇಲ್ಲದಿದ್ದರೆ ಕೊನೆಯಲ್ಲಿ ಡಬ್ಬಿ ಮುಚ್ಚಿಕೊಂಡು ಗರಗಸವನ್ನೇ ಕಚ್ಚಿ ಹಿಡಿಯುತ್ತದೆ. ಅಂಚು ಏರುಪೇರಾಗುವುದು ಖಂಡಿತ. 80 ನಂಬರಿನ ಪಾಲಿಶ್ ಪೇಪರನ್ನು ಸಮತಟ್ಟಾದ ಫರಸಿಯ ಮೇಲೆ ಅಂಟಿಸಿ, ಪೆಟ್ಟಿಗೆಯನ್ನೇ ಬೋರಲು ಮಾಡಿ ಅದರ ಮೇಲೆ ತಿರುವಿ ತಿರುವಿ ಉಜ್ಜಿ. ಮುಚ್ಚಳಕ್ಕೂ ಹಾಗೇ. ಪೆಟ್ಟಿಗೆಯ ಒಳ ಆಳ 148 ಮಿ.ಮೀ. ಸುಮಾರಿಗೆ ಉಳಿಯುತ್ತದೆ.

ಬಿಜಾಗರಿಯನ್ನು ಹಿಂಭಾಗದ ಹೊರಮುಖಕ್ಕೆ ಕೂಡಿಸಿ. 12 ಮಿ.ಮೀ. ಪ್ಲೈಗೆ ಸಣ್ಣ ಸ್ಕ್ರೂ ಹಿಡಿದರೂ ವರ್ಷದೊಳಗೆ ಸಡಿಲಾಗುತ್ತದೆ, ಉದ್ದದ್ದು ಒಳಗೆ ಚುಚ್ಚುತ್ತದೆ. ಆರಪಾರ ತೂತು ಕೊರೆದು ನಟ್ಟು-ಬೋಲ್ಟು ಹಾಕುವುದೇ ಸರಿ. ಮುಚ್ಚಳ ಹಿಂದಕ್ಕೆ ಪೂರ್ತಿ ಬೀಳದಂತೆ ಎರಡೂ ಬದಿಗೆ ನೈಲಾನ್ ದಾರ ಕಟ್ಟಿ, ಮುಚ್ಚಳ ನೆಟ್ಟಗೆ ನಿಂತು ತುಸು ಹಿಂದಕ್ಕೆ ವಾಲಿದಾಗ ದಾರ ಬಿಗಿಯಾಗಬೇಕು. ಹೊರುವ ಹಿಡಿಕೆ ಮುಚ್ಚಳದ ಮೇಲೆ ಬೇಡ. ಅಲ್ಲಿ ಹಾಕಿದರೆ ಇಡೀ ಭಾರ ಎರಡು ಕೊಂಡಿಗಳಿಗೆ ಬಿದ್ದು, ಒಂದು ಜಾರಿದರೂ ಸಾಮಾನೆಲ್ಲ ರಸ್ತೆಯಲ್ಲಿ. ಪೆಟ್ಟಿಗೆಯ ಎರಡು ಅಡ್ಡ ಗೋಡೆಗಳಿಗೆ ದಪ್ಪ ತೊಗಲಿನ ಪಟ್ಟಿ ಬೋಲ್ಟು ಹಾಕಿ ಹಿಡಿಕೆ ಮಾಡಿ.

ಟ್ರೇ

ಟ್ರೇಯ ಗೋಡೆಗಳು 6 ಮಿ.ಮೀ., ಮೊಳೆ ಹೊಡೆದರೆ ಸೀಳುತ್ತವೆ. ಅಂಟೇ ಗತಿ, ಒಳಮೂಲೆಗೆ 10 ಮಿ.ಮೀ.ಯ ಸಣ್ಣ ರೀಪು ಒತ್ತಿ ಕೂಡಿಸಿದರೆ ಗಟ್ಟಿಯಾಗುತ್ತದೆ. ಸುತ್ತಲೂ 3 ಮಿ.ಮೀ. ಸಂದು ಬಿಟ್ಟಿರುವುದು ಮಳೆಗಾಲಕ್ಕಾಗಿ. ಬಿಗಿಯಾಗಿ ಕೂಡುವ ಟ್ರೇ ಬೇಸಿಗೆಯಲ್ಲಿ ನೋಡಲು ಚೆಂದ, ಜುಲೈನಲ್ಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಎತ್ತಲು ಎರಡು ತುದಿಗೂ ಬಳುಕುವ ಪಟ್ಟಿಯ ಕುಣಿಕೆ ಹಾಕಿ. ಮರದ ಹಿಡಿಕೆಯಾದರೆ ಮುಚ್ಚಳಕ್ಕೆ ತಾಗುತ್ತದೆ.

ಒಳಗೆ ಉದ್ದಕ್ಕೆ ಒಂದು ಅಡ್ಡಗೋಡೆ ಹಾಕಿ ಒಂದು ಬದಿಯನ್ನು ಆರಿಗಳಿಗೆ ಬಿಡಿ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ 15 ಮಿ.ಮೀ. ಅಗಲದ ಪಟ್ಟಿ ಕೊಯ್ದು ಟ್ರೇಯ ತಳಕ್ಕೆ ಅಂಟಿಸಿದರೆ ಆರಿಯ ಮೊನೆ ಅದರಲ್ಲಿ ಚುಚ್ಚಿಕೊಂಡು ನಿಲ್ಲುತ್ತದೆ. ಮೊನೆ ಮೊಂಡಾಗುವುದಿಲ್ಲ, ಕತ್ತಲಲ್ಲಿ ಕೈ ಹಾಕಿದರೂ ಚುಚ್ಚುವುದಿಲ್ಲ. ಇನ್ನೊಂದು ಬದಿಯಲ್ಲಿ ದಾರ, ತೊಗಲಿನ ಎಳೆ, ಮೇಣ, ಕತ್ತರಿ. ಸೂಜಿ, ದಬ್ಬಳಗಳನ್ನು ಮುಚ್ಚಳವಿರುವ ಔಷಧಿ ಡಬ್ಬಿಯಲ್ಲಿ ಎಣ್ಣೆಯ ಹತ್ತಿ ಹಾಕಿ ಇಡಿ. ಮ್ಯಾಗ್ನೆಟ್ ಪಟ್ಟಿ ಅಂಟಿಸಿ ಸೂಜಿ ನಿಲ್ಲಿಸುವ ಉಪಾಯ ಈಗ ಹಲವರು ಮಾಡುತ್ತಾರೆ. ತೊಗಲಿನ ಕೆಲಸಕ್ಕೆ ಅದು ಆಗಿಬರದು. ಅಯಸ್ಕಾಂತ ಹತ್ತಿದ ಸೂಜಿ ಮಸೆದ ಕಬ್ಬಿಣದ ಪುಡಿಯನ್ನು ಹಿಡಿದುಕೊಂಡು ಒದ್ದೆ ತೊಗಲಿಗೆ ತರುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನ ಟ್ಯಾನಿನ್ (ಹದ ಮಾಡುವ ಒಗರಿನ ಅಂಶ) ಕಬ್ಬಿಣದ ಜೊತೆ ಸೇರಿದರೆ ಕಪ್ಪು ಮಸಿ. ಬಣ್ಣ ಹಾಕದ ಚಪ್ಪಲಿಯ ಮೇಲೆ ಬಿದ್ದ ಆ ಚುಕ್ಕೆ ತೊಳೆದರೆ ಹೋಗುವುದಿಲ್ಲ.

ಮೇಣಕ್ಕೂ ಮುಚ್ಚಳದ ಡಬ್ಬಿಯೇ ಬೇಕು. ಜೇನುಮೇಣ ಕರಗುವುದು 62 ಡಿಗ್ರಿಯ ಸುಮಾರಿಗಾದರೂ, ಬಾಗಲಕೋಟೆಯ ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ ಮೆತ್ತಗಾಗಿ ದಾರ, ಕತ್ತರಿಗೆಲ್ಲ ಹತ್ತಿಕೊಳ್ಳುತ್ತದೆ.

ಪಂಚು, ಅಚ್ಚುಗಳ ಕಟ್ಟೆ

200 × 60 × 40 ಮಿ.ಮೀ.ಯ ಮರದ ತುಂಡು. 200 × 60ರ ಮುಖದಲ್ಲಿ ಎರಡು ಸಾಲು ತೂತು, 30 ಮಿ.ಮೀ. ಆಳ, ಒಂದರಿಂದ ಒಂದಕ್ಕೆ 22 ಮಿ.ಮೀ. ಬಿಟ್ಟರೆ ಬೆರಳು ಹೋಗುತ್ತದೆ. ಪಂಚಿನ ಮೈಗಿಂತ 1 ಮಿ.ಮೀ. ದೊಡ್ಡ ಬಿಟ್ ಬಳಸಿ. ಸರಿಯಾಗಿ ಅದೇ ಅಳತೆಯಾದರೆ ಮಳೆಗಾಲದಲ್ಲಿ ಮರ ಉಬ್ಬಿ ಪಂಚು ಹೊರಬರುವುದಿಲ್ಲ, 2 ಮಿ.ಮೀ. ಆದರೆ ಗಿಲಕಿಯಂತೆ ಅಲ್ಲಾಡುತ್ತದೆ. ಆಳ ತಪ್ಪದಿರಲು ಬಿಟ್ಟಿಗೆ 30ರ ಅಳತೆಯಲ್ಲಿ ಟೇಪ್ ಸುತ್ತಿಕೊಳ್ಳಿ.

ದುಂಡು ಪಂಚುಗಳನ್ನು ಬಾಯಿ ಕೆಳಗೆ ಮಾಡಿ ಇಟ್ಟು, ತೂತಿನ ಪಕ್ಕ ಅಳತೆ ಬರೆಯಿರಿ. ಹೂವು, ಎಲೆ, ಚುಕ್ಕೆಯ ಅಚ್ಚುಗಳನ್ನು ಮುಖ ಮೇಲೆ ಮಾಡಿ ಇಡಿ, ಏಕೆಂದರೆ ಯಾವುದು ಬೇಕೆಂದು ನೋಡಿಯೇ ತೆಗೆಯಬೇಕು. ಕೆಲಸದ ಹೊತ್ತಿಗೆ ಕಟ್ಟೆ ನೆಲದ ಮೇಲೆ ನಿಲ್ಲುತ್ತದೆ, ಪೆಟ್ಟಿಗೆಯಲ್ಲಿ ಮಗ್ಗುಲಾಗಿ ಮಲಗುತ್ತದೆ. ಮಲಗಿದಾಗ ಎತ್ತರ 60, ರೀಪಿನ ಕೆಳಗೆ ಸಲೀಸು. ಪಂಚುಗಳು ಹೊರಗೆ ಜಾರದಂತೆ, ಅವುಗಳ ತುದಿಯಿಂದ 5 ಮಿ.ಮೀ. ದೂರದಲ್ಲಿ ಪೆಟ್ಟಿಗೆಯ ಉದ್ದಕ್ಕೂ ಒಂದು ಅಡ್ಡಗೋಡೆ ನಿಲ್ಲಿಸಿ. ಅದರ ಆಚೆಯ ಓಣಿಯಲ್ಲಿ ಕೊಡತಿ, ಸುತ್ತಿಗೆ. ಕಟ್ಟೆಯ ಪಕ್ಕ ಉಳಿದ ಮೂಲೆಯಲ್ಲಿ ಇಕ್ಕಳ, ಕಂಪಾಸು, ಮಸೆಗಲ್ಲು. ಮಸೆದ ಕಲ್ಲು ಪೂರ್ತಿ ಒಣಗಿದ ಮೇಲೆಯೇ ಒಳಗೆ.

ಮುಚ್ಚಳದಲ್ಲಿ ರಂಪಿಗೆ

ಈ ಭಾಗ ಸ್ವಲ್ಪ ನಿಧಾನದ್ದು. ರಂಪಿಗೆಯ ಅಲಗು ತೆಳು, ಹಿಡಿಕೆ ದಪ್ಪ. ಅಲಗಿನ ಗೂಡನ್ನು ನೇರವಾಗಿ ಮುಚ್ಚಳಕ್ಕೆ ಅಂಟಿಸಿದರೆ ಹಿಡಿಕೆ ಮುಚ್ಚಳಕ್ಕೆ ಬಡಿದು ಅಲಗು ಓರೆಯಾಗಿ ಒಳಹೋಗುತ್ತದೆ, ಬಾಯಿ ಕೆರೆಯುತ್ತದೆ. ಆದ್ದರಿಂದ ಗೂಡನ್ನು ಎತ್ತರಿಸಬೇಕು: ಮೊದಲು 12 ಮಿ.ಮೀ. ಪ್ಲೈನ ಎರಡು ಪಟ್ಟಿ, ಅದರ ಮೇಲೆ 6 ಮಿ.ಮೀ. ಹಲಗೆ, ಅದರ ಎರಡು ಅಂಚಿಗೆ 4 ಮಿ.ಮೀ. ಪಟ್ಟಿ, ಮೇಲೆ ಮತ್ತೆ 6 ಮಿ.ಮೀ. ಹಲಗೆ. ಒಟ್ಟು 28. ಅಲಗು 20ರ ಮಟ್ಟದಲ್ಲಿ ಬರುತ್ತದೆ, 30 ಮಿ.ಮೀ. ದಪ್ಪದ ಹಿಡಿಕೆ 5ರಿಂದ 35ರವರೆಗೆ ಕೂಡುತ್ತದೆ. ಮುಚ್ಚಳದ ಆಳ 50 ಇರುವುದರಿಂದ ಟ್ರೇಗೆ ತಾಗುವುದಿಲ್ಲ.

ಗೂಡಿನ ಉದ್ದ ಅಲಗಿಗಿಂತ 10 ಮಿ.ಮೀ. ಹೆಚ್ಚು. ಹಿಡಿಕೆಯ ಭುಜ ಗೂಡಿನ ಬಾಯಿಗೆ ತಡೆದು ನಿಲ್ಲಬೇಕು, ರಂಪಿಗೆಯ ಹರಿತ ಎಲ್ಲಿಗೂ ತಾಗಬಾರದು. ಭುಜವಿಲ್ಲದ, ಬರೀ ಪಟ್ಟಿ ಕಬ್ಬಿಣದ ರಂಪಿಗೆಯಾದರೆ ಹಿಡಿಯುವ ಜಾಗದ ಮುಂದೆ ಐದಾರು ಸುತ್ತು ದಾರ ಬಿಗಿದು ಭುಜ ಮಾಡಿಕೊಳ್ಳಿ. ಗೂಡಿನ ಹಿಂದಿನ ತುದಿ ತೆರೆದೇ ಇರಲಿ, ಕಸ ಅಲ್ಲಿಂದ ಉದುರಿ ಹೋಗುತ್ತದೆ. ಗೂಡು ಮುಚ್ಚಳದ ಉದ್ದಕ್ಕೆ ಸಮಾನಾಂತರವಾಗಿ ಮಲಗಿರಬೇಕು, ಮುಚ್ಚಳ ತೆರೆದು ನಿಂತಾಗ ಅಲಗು ಕೆಳಮುಖವಾದರೆ ಜಾರುತ್ತದೆ. ಹಿಡಿಕೆಯ ಮೇಲೆ ತಿರುಗುವ ಮರದ ಚಿಲಕವೊಂದು ಹಾಕಿದರೆ ಪೆಟ್ಟಿಗೆ ಉರುಳಿದರೂ ರಂಪಿಗೆ ಬರುವುದಿಲ್ಲ. ಸ್ಕೇಲಿಗೆ ಅಂಥವೇ ಎರಡು ಚಿಲಕ ಸಾಕು.

ಇಷ್ಟೆಲ್ಲ ಮರದ ರಗಳೆ ಯಾಕೆ, ಕೈಯಲ್ಲೇ ತೊಗಲಿದೆಯಲ್ಲ, ಅದರದೇ ಒರೆ ಹೊಲಿದರಾಯಿತು ಅನ್ನಿಸಬಹುದು. ಜೇಬಿನಲ್ಲಿ ಒಯ್ಯಲು ಒರೆ ಒಳ್ಳೆಯದೇ. ತಿಂಗಳುಗಟ್ಟಲೆ ಇಡಲು ಅಲ್ಲ. ತೊಗಲು ಗಾಳಿಯ ತೇವ ಎಳೆದುಕೊಂಡು ಟ್ಯಾನಿನ್ ಸಮೇತ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಶ್ರಾವಣ ಮುಗಿಯುವುದರೊಳಗೆ ಅಲಗಿನ ಮೇಲೆ ಸಣ್ಣ ಸಣ್ಣ ಗುಳಿ. ಸ್ಪಂಜು, ಮಖಮಲ್ಲಿನ ಒಳಪದರವೂ ಅದೇ ಕೆಲಸ ಮಾಡುತ್ತದೆ. ಪಾಲಿಶ್ ಹಚ್ಚಿದ ಬರೀ ಮರಕ್ಕಿಂತ ಒಳ್ಳೆಯ ಒಳಮೈ ಇಲ್ಲ.

ಪಾಲಿಶ್

ಒಳಗೆ ಅರಗಿನ ಪಾಲಿಶ್. 50 ಗ್ರಾಂ ಅರಗಿನ ಚಕ್ಕೆಯನ್ನು 250 ಮಿ.ಲೀ. ಪಾಲಿಶ್ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಮೂರು ಕೈ ಹಚ್ಚಿ. ಕೈಗಳ ನಡುವೆ ಮುಕ್ಕಾಲು ಗಂಟೆ ಅಂತರವಿರಲಿ. ಪಂಚಿನ ತೂತುಗಳೊಳಗೂ ಹಳೆಯ ಬ್ರಷ್ಷಿನಿಂದ ಹಚ್ಚಬೇಕು, ಮರದ ಹುಳಿಯಂಶ ಉಕ್ಕಿಗೆ ತಾಗದಿರಲು. ಮೋಡ ಕವಿದ ದಿನ ಈ ಕೆಲಸಕ್ಕೆ ಕೂರಬೇಡಿ, ಅರಗು ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯಿಂದ ದೂರವಿರಿ. ಹೊರಮೈಗೆ ಅರಗು ತಡೆಯದು, ನೀರು ಬಿದ್ದರೆ ಕಲೆ. ಅಲ್ಲಿಗೆ ವಾರ್ನಿಷ್ ಅಥವಾ ಆಯಿಲ್ ಪೇಂಟ್. ಪೇಂಟನ್ನು ಒಳಗೂ ಬಳಿದು ಮುಚ್ಚಿಟ್ಟರೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ, ಹಿಡಿಕೆಗಳಿಗೆ ಹತ್ತುತ್ತದೆ.

ಇಟ್ಟ ಮೇಲೆ

ಅಲಗುಗಳಿಗೆ ಹೊಲಿಗೆ ಯಂತ್ರದ ಎಣ್ಣೆ, ಅದೂ ಬಟ್ಟೆಯಲ್ಲಿ ಒರೆಸಿದಷ್ಟು ತೆಳುವಾಗಿ. ಅಡುಗೆಮನೆಯ ಕುಸುಬಿ ಎಣ್ಣೆ ಕೈಗೆ ಸಿಗುತ್ತದೆಂದು ಹಚ್ಚಬೇಡಿ. ಅದು ಗಾಳಿಗೆ ಒಣಗಿ ಗೋಂದಿನಂತೆ ಗಟ್ಟಿಯಾಗುವ ಜಾತಿಯ ಎಣ್ಣೆ, ಆಮೇಲೆ ಅಲಗಿನಿಂದ ಕೆರೆದೇ ತೆಗೆಯಬೇಕು. ಕೆಲಸಕ್ಕೆ ಕೂರುವ ಮುಂಚೆ ಯಂತ್ರದ ಎಣ್ಣೆಯನ್ನೂ ಒಣಬಟ್ಟೆಯಿಂದ ಒರೆಸಿ, ತೊಗಲಿಗೆ ತಾಗಿದರೆ ಕಲೆ ಇಳಿಯುತ್ತದೆ.

ರಬ್ಬರ್ ಸಲ್ಯೂಷನ್ ಡಬ್ಬಿ, ಬಣ್ಣದ ಬಾಟಲಿ, ನೆನೆದ ತೊಗಲಿನ ಚೂರು ಈ ಪೆಟ್ಟಿಗೆಯೊಳಗೆ ಬರಬಾರದು. ಸಲ್ಯೂಷನ್ನಿನ ಆವಿ ಬೆಂಕಿ ಹಿಡಿಯುವಂಥದ್ದು. ನೆನೆದ ಒಂದು ಚೂರು ಮುಚ್ಚಿದ ಪೆಟ್ಟಿಗೆಯಲ್ಲಿ ರಾತ್ರಿ ಕಳೆದರೆ ಸಾಕು, ಬೆಳಗ್ಗೆ ಆರಿಗಳ ಮೇಲೆ ಕೆಂಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಕೆಳಗಿನ ಓಣಿಯಲ್ಲಿರಲಿ. ಬಣ್ಣ ಬದಲಾಗುವ ಜಾತಿಯಾದರೆ ಹರಳುಗಳನ್ನು ತೆಗೆದು ಸಣ್ಣ ಉರಿಯ ಮೇಲೆ ಬಾಣಲೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆ ಅಡುಗೆಗೆ ಬೇಡ. ಆರಿ ಚುಚ್ಚುವ ರಬ್ಬರ್ ಪಟ್ಟಿ ವರ್ಷಕ್ಕೊಮ್ಮೆ ಜರಡಿಯಾಗುತ್ತದೆ, ಕಿತ್ತು ಹೊಸದು ಅಂಟಿಸಿ.